ಅಮೆರಿಕದ ಕಾಲೇಜುಗಳ 'ಅರ್ಲಿ ಡಿಸಿಷನ್' ಫಲಿತಾಂಶಕ್ಕಾಗಿ ಕಾಯುವುದು ಅಷ್ಟೊಂದು ಕಷ್ಟವೇಕೆ?

ಒಂದೇ ಕಾಲೇಜಿನ ಉತ್ತರದ ಮೇಲೆ ಉಳಿದೆಲ್ಲ ಅರ್ಜಿಗಳ ಗತಿ ನಿಂತಿರುವುದೇ ಇದಕ್ಕೆ ಕಾರಣ. ಸೀಟು ಸಿಕ್ಕರೆ ಅಲ್ಲಿಗೇ ಸೇರುತ್ತೇನೆಂದು ಒಪ್ಪಿಕೊಂಡು ಒಂದು ಕಾಲೇಜಿಗೆ ಮುಂಚಿತವಾಗಿ ಅರ್ಜಿ ಹಾಕುವ ಪದ್ಧತಿಯೇ ಅರ್ಲಿ ಡಿಸಿಷನ್; ಆ ಒಪ್ಪಂದಕ್ಕೆ ವಿದ್ಯಾರ್ಥಿಯ ಜೊತೆಗೆ ಪೋಷಕರೂ ಶಾಲೆಯ ಸಲಹೆಗಾರರೂ ಸಹಿ ಹಾಕುತ್ತಾರೆ. ಸಾಮಾನ್ಯವಾಗಿ ನವೆಂಬರ್ 1ರ ಸುಮಾರಿಗೆ ಸಲ್ಲಿಸಿದ ಅರ್ಜಿಗೆ ಉತ್ತರ ಬರುವುದು ಡಿಸೆಂಬರ್ ಮಧ್ಯಭಾಗದಲ್ಲಿ. ಆದರೆ ಬೇರೆ ಅನೇಕ ಕಾಲೇಜುಗಳ ಸಾಮಾನ್ಯ ಸುತ್ತಿನ ಗಡುವು ಜನವರಿಯ ಆರಂಭದಲ್ಲೇ ಎದುರಾಗುವುದರಿಂದ, ಆ ಅರ್ಜಿಗಳ ಜೊತೆ ಕೊಡಬೇಕಾದ, ಆದರೆ ಬೇಕಾಗದೇ ಹೋಗಬಹುದಾದ ಪ್ರಬಂಧಗಳನ್ನೂ ವಿದ್ಯಾರ್ಥಿ ಮನಸ್ಸಿಟ್ಟು ಬರೆಯುತ್ತಿರಬೇಕಾಗುತ್ತದೆ.

ಉತ್ತರವೂ ಹೌದು ಅಥವಾ ಇಲ್ಲ ಎಂದಷ್ಟೇ ಇರುವುದಿಲ್ಲ. 'ಡಿಫರ್' ಎಂದು ಬಂದರೆ ಅರ್ಜಿಯನ್ನು ಸಾಮಾನ್ಯ ಸುತ್ತಿನಲ್ಲಿ ಮತ್ತೊಮ್ಮೆ ಪರಿಶೀಲಿಸುತ್ತಾರೆ, ನಿರ್ಧಾರ ಮಾರ್ಚ್ ಕೊನೆಯವರೆಗೂ ಮುಂದೆ ಹೋಗಬಹುದು. ಆಗ ಒಪ್ಪಂದದ ಬಂಧನ ಕಳಚುತ್ತದೆ ಎಂಬುದು ಎಷ್ಟೋ ಕುಟುಂಬಗಳಿಗೆ ತಿಳಿದಿರುವುದಿಲ್ಲ, ತಿಳಿದರೆ ಅರ್ಧ ಆತಂಕ ಇಳಿಯುತ್ತದೆ.

ಉಳಿದ ಪ್ರಬಂಧಗಳನ್ನು ಫಲಿತಾಂಶಕ್ಕೆ ಮೊದಲೇ ಮುಗಿಸಿಡುವುದು ಒಳ್ಳೆಯದೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಒಂದು ಕಾಲೇಜು ನಿರಾಕರಿಸಿದ ಮರುದಿನವೇ ಮತ್ತೊಂದು ಕಾಲೇಜಿಗೆ 'ನನಗೆ ನೀವೇ ಏಕೆ ಬೇಕು' ಎಂದು ಉತ್ಸಾಹದಿಂದ ಬರೆಯುವುದು ಹದಿನೇಳರ ಹರೆಯದವರಿಗೆ ನಿಜಕ್ಕೂ ಭಾರವಾದ ಕೆಲಸ.