ಹೋಳಿಗೆ ಖಾಲಿ, ಸರ್ವಿಸ್ ಚಾರ್ಜ್ ಮಾತ್ರ ತಪ್ಪಲಿಲ್ಲ

(ಮೈಸೂರಿನ ಓದುಗರೊಬ್ಬರು ಬರೆದ ಪತ್ರದ ಸಾರ: "ಅಪ್ಪ ಅಮ್ಮನ ಮದುವೆಯಾಗಿ ಐವತ್ತು ವರ್ಷ ತುಂಬಿತು. ನೆಂಟರೆಲ್ಲ ಬೆಂಗಳೂರಿನಲ್ಲಿರುವುದರಿಂದ ಅಲ್ಲಿನ ಒಂದು ದೊಡ್ಡ ಸಸ್ಯಾಹಾರಿ ಹೋಟೆಲ್‌ನಲ್ಲಿ ಭಾನುವಾರ ಮಧ್ಯಾಹ್ನದ ಊಟ ಇಟ್ಟುಕೊಂಡೆವು. 28 ಜನ. ಮೇಲಿನ ಚಿಕ್ಕ ಹಾಲ್‌ಗೆ ಅಂತ 3,000 ರೂಪಾಯಿ ಮೊದಲೇ ಕಟ್ಟಿದ್ದೆ. ಹೋಗಿ ನೋಡಿದರೆ ಅಲ್ಲಿ ಬೇರೆ ಯಾರದೋ ನಾಮಕರಣ ನಡೆದಿತ್ತು. ನಮ್ಮನ್ನು ಕೆಳಗೆ ಮೂರು ಕಡೆ ಚದುರಿಸಿ ಕೂರಿಸಿದರು. ಒಂದು ಗಂಟೆಯ ಊಟ ಬಂದಿದ್ದು ಎರಡೂವರೆಗೆ. ಅಪ್ಪನಿಗೆ ಶುಗರ್ ಇದೆ. ಮೊದಲೇ ಹೇಳಿಟ್ಟಿದ್ದ ಹೋಳಿಗೆ ಅರ್ಧ ಜನಕ್ಕೆ ಸಿಗಲಿಲ್ಲ. ಮ್ಯಾನೇಜರ್ 'ಸಂಡೇ ರಶ್ ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಅಂದರು. ಹಾಲ್‌ನ ದುಡ್ಡು ವಾಪಸ್ ಕೊಡಲಿಲ್ಲ. ಬಿಲ್‌ನಲ್ಲಿ ಶೇ. 10 ಸರ್ವಿಸ್ ಚಾರ್ಜ್ ಬೇರೆ. 20 ರೂಪಾಯಿಯ ನೀರಿನ ಬಾಟಲಿಗೆ 50 ಹಾಕಿದ್ದಾರೆ. ಬಡಿಸಿದ ಹುಡುಗನಿಗೆ ಕನ್ನಡವೂ ಬರಲ್ಲ, ಮುಖ ಗಂಟು ಹಾಕಿಕೊಂಡೇ ಇದ್ದ. ನೆಂಟರ ಮುಂದೆ ಜಗಳ ಬೇಡ ಅಂತ ಕಟ್ಟಿ ಬಂದೆ. ಆ ಹೋಟೆಲ್ ಹೆಸರು ಹಾಕಿ ಬರೆಯಿರಿ.")

ನಮಸ್ಕಾರ ಮೇಡಂ,

ಮೊದಲು ನಿಮ್ಮ ಅಪ್ಪ ಅಮ್ಮನಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸಿ.

ನಿಮ್ಮ ಪತ್ರದ ಒಂದು ಸಾಲಿನ ಕೆಳಗೆ ನಾನು ಗೆರೆ ಎಳೆದುಕೊಂಡೆ. "ನೆಂಟರ ಮುಂದೆ ಜಗಳ ಬೇಡ ಅಂತ ಕಟ್ಟಿ ಬಂದೆ." ಅಂಥ ಮ್ಯಾನೇಜರ್‌ಗಳು ನಂಬಿಕೊಂಡಿರುವುದೇ ಇದನ್ನು. ಒಬ್ಬನೇ ಬಂದು ಕಾಫಿ ಕುಡಿಯುವ ಗಿರಾಕಿ ಕಾಫಿ ತಣ್ಣಗಿದ್ದರೆ ಲೋಟ ವಾಪಸ್ ಕಳಿಸುತ್ತಾನೆ. ಆದರೆ ರೇಷ್ಮೆ ಸೀರೆ ಉಟ್ಟು, ಬೀಗರನ್ನು, ಸೋದರತ್ತೆಯನ್ನು ಕರೆದುಕೊಂಡು ಬಂದ ಮನೆಯವರು ಸುಮ್ಮನಿರುತ್ತಾರೆ. ಶುಭದಿನ, ಹಿರಿಯರಿದ್ದಾರೆ, ನಾಲ್ಕು ಜನ ನೋಡ್ತಾರೆ. ಗಲ್ಲಾದಲ್ಲಿ ಕೂತವರಿಗೆ ಇದು ಚೆನ್ನಾಗಿ ಗೊತ್ತು. ಎರಡು ಪಾರ್ಟಿಗೆ ಒಂದೇ ಹಾಲ್ ಕೊಟ್ಟಾಗ ಯಾರನ್ನು ಕೆಳಗೆ ಕೂರಿಸಬೇಕು ಅನ್ನುವ ಲೆಕ್ಕವೂ ಹೀಗೇ ನಡೆಯುತ್ತದೆ. ಯಾರು ಗಲಾಟೆ ಮಾಡುವುದಿಲ್ಲವೋ ಅವರನ್ನು.

ಹಾಗಂತ ನೀವು ಅಲ್ಲೇ ಕೂಗಾಡಬೇಕಿತ್ತು ಅಂತ ನಾನು ಹೇಳುವುದಿಲ್ಲ. ಆ ದಿನ ನಿಮಗೆ ಅಪ್ಪ ಅಮ್ಮನ ಮುಖ ಮುಖ್ಯ. ಅದು ಸರಿಯೇ. ಬಿಲ್ ಕಟ್ಟಿ ಬಂದಿರಿ ಅಂದ ಮಾತ್ರಕ್ಕೆ ಎಲ್ಲ ಒಪ್ಪಿಕೊಂಡ ಹಾಗೂ ಆಗುವುದಿಲ್ಲ.

ಈಗ ನೀವು ಕಳಿಸಿದ ಬಿಲ್ ನೋಡೋಣ. ನೀರಿನ ಬಾಟಲಿ ಬದಿಗಿಟ್ಟರೆ, ಊಟ ಒಂದಕ್ಕೆ 450ರಂತೆ 28 ಊಟಕ್ಕೆ 12,600 ರೂಪಾಯಿ. ಅದರ ಮೇಲೆ ಸರ್ವಿಸ್ ಚಾರ್ಜ್ 1,260. ಎರಡೂ ಸೇರಿದ ಮೊತ್ತದ ಮೇಲೆ ಶೇ. 5 ಜಿಎಸ್‌ಟಿ, ಅಂದರೆ 693. ಒಟ್ಟು 14,553. ಸರ್ವಿಸ್ ಚಾರ್ಜ್ ಇಲ್ಲದಿದ್ದರೆ ತೆರಿಗೆ 630 ಆಗುತ್ತಿತ್ತು, ಒಟ್ಟು 13,230. ವ್ಯತ್ಯಾಸ 1,323 ರೂಪಾಯಿ. ನೋಡಿ, ನೀವು ಸರ್ವಿಸ್ ಚಾರ್ಜ್ ಕಟ್ಟಿದ್ದಲ್ಲದೆ, ಆ ಚಾರ್ಜ್‌ಗೂ 63 ರೂಪಾಯಿ ತೆರಿಗೆ ಕಟ್ಟಿದ್ದೀರಿ.

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇದಕ್ಕೆ ನೇರ ಉತ್ತರ ಇದೆ. ಹೋಟೆಲ್‌ನವರು ತಾವಾಗಿಯೇ ಬಿಲ್‌ಗೆ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ. ಹೆಸರು ಬದಲಿಸಿಯೂ ಹಾಕುವಂತಿಲ್ಲ. ಊಟದ ಮೊತ್ತಕ್ಕೆ ಅದನ್ನು ಕೂಡಿಸಿ ಮೇಲೆ ಜಿಎಸ್‌ಟಿ ಲೆಕ್ಕ ಹಾಕುವಂತಿಲ್ಲ. ಕೊಡುವುದು ಬಿಡುವುದು ಗಿರಾಕಿಯ ಇಷ್ಟ. ಹೋಟೆಲ್ ಮಾಲೀಕರ ಸಂಘಗಳು ಕೋರ್ಟ್‌ಗೆ ಹೋಗಿ ಅದೇ ತಿಂಗಳು ಇದಕ್ಕೆ ತಡೆ ತಂದಿದ್ದವು. ಕೊನೆಗೆ 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಅರ್ಜಿ ಹಾಕಿದ ಎರಡು ಸಂಘಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಸಂಘಗಳು ಆಮೇಲೆ ಮೇಲ್ಮನವಿಗೆ ಹೋದವು, ಅದು ಅವರ ಹಕ್ಕು. ನಿಮ್ಮ ಬಿಲ್‌ನ ಮಟ್ಟಿಗೆ ಮಾತ್ರ ನೀವು 1,323 ರೂಪಾಯಿ ವಾಪಸ್ ಕೇಳಬಹುದು, ಕೇಳಲೇಬೇಕು.

ನೀರಿನ ಬಾಟಲಿ ವಿಷಯದಲ್ಲಿ ನಿಮಗೆ ಬೇಸರದ ಸುದ್ದಿ. ಅಲ್ಲಿ ಕಾನೂನು ಹೋಟೆಲ್ ಕಡೆಗಿದೆ. ಕೂತು ತಿನ್ನುವ ಹೋಟೆಲ್‌ನಲ್ಲಿ ಬಾಟಲಿ ನೀರನ್ನು ಎಂಆರ್‌ಪಿಗಿಂತ ಜಾಸ್ತಿಗೆ ಮಾರಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿದೆ. ಕಾರಣ ಏನಪ್ಪಾ ಅಂದರೆ, ಅಲ್ಲಿ ಬರೀ ಬಾಟಲಿ ಮಾರಾಟ ಆಗುವುದಿಲ್ಲ, ಜೊತೆಗೆ ಕುರ್ಚಿ, ಮೇಜು, ಬಡಿಸುವ ಸೇವೆಯೂ ಸೇರಿರುತ್ತದೆ. ಒಳ್ಳೆಯದು, ಒಪ್ಪೋಣ. ಆದರೆ ನೀರಿನ ಬೆಲೆಯಲ್ಲೇ ಸೇವೆ ಸೇರಿದ್ದರೆ, ಕೆಳಗಡೆ ಮತ್ತೆ ಸೇವೆಗೆ ಅಂತ ಶೇ. 10 ಯಾಕೆ? ನನಗಂತೂ ಇದು ಅರ್ಥವಾಗಿಲ್ಲ. ಮುಂದಿನ ಸಲ ಕೇಳದೇ ಬಾಟಲಿ ತಂದಿಟ್ಟರೆ, ಮುಚ್ಚಳ ತೆಗೆಯುವ ಮೊದಲೇ ವಾಪಸ್ ಕಳಿಸಿ. ಜಗ್‌ನಲ್ಲಿ ನೀರು ಕೊಡಿ ಅನ್ನಿ. ಅದಕ್ಕೇನೂ ನಾಚಿಕೆ ಬೇಡ.

ಬಡಿಸಿದ ಹುಡುಗನ ಬಗ್ಗೆ ನೀವು ಬರೆದದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬೆಂಗಳೂರಿನ ಹೋಟೆಲ್‌ಗಳಲ್ಲಿ ಈಗ ಒಡಿಶಾ, ಬಂಗಾಳ, ಅಸ್ಸಾಂ ಕಡೆಯ ಹುಡುಗರು ತುಂಬಾ ಇದ್ದಾರೆ. ಕುಂದಾಪುರದ ಕಡೆಯಿಂದ ಬಂದು ಸಪ್ಲೈಯರ್ ಆಗಿ, ಕ್ಯಾಶಿಯರ್ ಆಗಿ, ಕೊನೆಗೆ ತಾನೇ ಒಂದು ಹೋಟೆಲ್ ಇಡುತ್ತಿದ್ದ ಕಾಲ ಹಿಂದೆ ಬಿತ್ತು. ಬಂದವರಿಗೆ ನಾಲ್ಕು ಮಾತು ಕನ್ನಡ ಕಲಿಸುವುದು ಮಾಲೀಕರ ಕೆಲಸ. ಊಟ, ನೀರು, ಇನ್ನೂ ಬೇಕಾ, ಸಾಕಾ, ಇಷ್ಟು ಕಲಿಯಲು ಒಂದು ವಾರ ಸಾಕು. ಕಲಿಸದೇ ಇದ್ದದ್ದು ಅವರ ತಪ್ಪು. ಮೂರು ಕಡೆ ಚದುರಿ ಕೂತ ನಿಮ್ಮ 28 ಜನಕ್ಕೆ ಒಬ್ಬನೇ ಹುಡುಗನನ್ನು ಬಿಟ್ಟಿದ್ದರಂತೆ, ಪತ್ರದಲ್ಲಿ ನೀವೇ ಬರೆದಿದ್ದೀರಿ. ಮೇಲೆ ನಾಮಕರಣದವರಿಗೆ ನಾಲ್ಕು ಜನ. ಹೀಗಿರುವಾಗ ಅವನು ನಗುತ್ತಾ ಬಡಿಸಬೇಕಿತ್ತು ಅನ್ನುವುದು ಜಾಸ್ತಿ ಆಯಿತು. ನೀವು ಕಟ್ಟಿದ 1,260 ರೂಪಾಯಿಯಲ್ಲಿ ಅವನ ಕೈಗೆ ಎಷ್ಟು ಹೋಗಬೇಕು ಅನ್ನುವುದನ್ನೂ ತೀರ್ಮಾನಿಸುವವರು ಮಾಲೀಕರೇ. ಅವನ ಕೈಗೇ ಏನಾದರೂ ಇಟ್ಟಿದ್ದರೆ ಅದು ಅವನಿಗೆ ಸೇರುತ್ತಿತ್ತು.

ಊಟ ಯಾಕೆ ಅಷ್ಟು ತಡವಾಯಿತು ಅನ್ನುವುದನ್ನೂ ಸ್ವಲ್ಪ ನೋಡಬೇಕು. ದೊಡ್ಡ ಗುಂಪು ಬಂದು ಒಬ್ಬೊಬ್ಬರು ಒಂದೊಂದು ಹೇಳಿದರೆ ಯಾವ ಅಡುಗೆಮನೆಯೂ ತತ್ತರಿಸುತ್ತದೆ. ಒಂದು ಕಾವಲಿಯ ಮೇಲೆ ಒಮ್ಮೆಗೆ ಹಿಡಿಯುವ ದೋಸೆ ಇಷ್ಟೇ. ಅರ್ಧ ಜನ ತಿಂದು ಕೈ ತೊಳೆದರೂ ಉಳಿದ ಅರ್ಧ ಜನರ ತಟ್ಟೆ ಖಾಲಿ. ಆದರೆ ನೀವು ಹಾಗೆ ಮಾಡಿಲ್ಲ. ಎಲ್ಲರಿಗೂ ಒಂದೇ ಊಟ, ಮೂರು ದಿನ ಮುಂಚೆ ಲೆಕ್ಕ ಕೊಟ್ಟು ಹೇಳಿದ್ದೀರಿ. ಹೋಳಿಗೆಗೂ ಲೆಕ್ಕ ಕೊಟ್ಟಿದ್ದೀರಿ. ಹೀಗಿದ್ದೂ ಹೋಳಿಗೆ ಅರ್ಧಕ್ಕೇ ನಿಂತಿದ್ದರೆ, ಒಂದೋ ನಿಮ್ಮ ಲೆಕ್ಕ ಅಡುಗೆಮನೆಗೆ ಮುಟ್ಟಿಲ್ಲ, ಇಲ್ಲವೇ ನಿಮ್ಮ ಹೋಳಿಗೆ ಮೇಲಿನ ಹಾಲ್‌ಗೆ ಹೋಗಿದೆ. ಎರಡರಲ್ಲಿ ಯಾವುದಾದರೂ ಭಾನುವಾರದ ರಶ್ ಅದಕ್ಕೆ ನೆಪವಾಗುವುದಿಲ್ಲ. ಭಾನುವಾರ ರಶ್ ಇರುತ್ತದೆ ಅಂತ ಬುಕಿಂಗ್ ತೆಗೆದುಕೊಳ್ಳುವಾಗಲೂ ಅವರಿಗೆ ಗೊತ್ತಿತ್ತಲ್ವಾ?

ಕಾಯುವುದೇ ತಪ್ಪು ಅಂತಲ್ಲ. ಲಾಲ್‌ಬಾಗ್ ಪಕ್ಕದ ಎಂಟಿಆರ್‌ನಲ್ಲಿ ರಜಾದಿನ ಜನ ಹೆಸರು ಬರೆಸಿ ಕಾಯುತ್ತಾರೆ. 1924ರಿಂದ ನಡೆದು ಬಂದ ಹೋಟೆಲ್. ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಮುಂದೆಯೂ ಭಾನುವಾರ ಬೆಳಿಗ್ಗೆ ಫುಟ್‌ಪಾತ್ ತುಂಬಿರುತ್ತದೆ. ಅಲ್ಲಿ ಕಾಯುವವರಿಗೆ ತಮ್ಮ ಸರದಿ ಬರುತ್ತದೆ, ಬಂದ ಮೇಲೆ ತಟ್ಟೆ ಬರುತ್ತದೆ ಅನ್ನುವ ಭರವಸೆ ಇದೆ. ನಿಮಗೆ ಒಂದೂವರೆ ಗಂಟೆ ಯಾರೂ ಬಂದು ಒಂದು ಮಾತು ಹೇಳಲಿಲ್ಲ. ಶುಗರ್ ಮಾತ್ರೆ ನುಂಗಿ ಕೂತ ಹಿರಿಯರಿಗೆ ಊಟ ಅಷ್ಟು ತಡವಾದರೆ ಸಕ್ಕರೆ ಅಂಶ ತೀರಾ ಇಳಿದುಬಿಡಬಹುದು. ನಿಮ್ಮ ದೂರಿನಲ್ಲಿ ಇದನ್ನೇ ಮೊದಲು ಬರೆಯಿರಿ. ಒಂದು ಲೋಟ ಮಜ್ಜಿಗೆ, ಒಂದು ಬಟ್ಟಲು ಮೊಸರನ್ನ ತಂದುಕೊಡಲು ಎಷ್ಟು ಹೊತ್ತು ಬೇಕು?

ಇನ್ನು ಮುಂದೇನು? ಮೊದಲು ಹೋಟೆಲ್ ಮಾಲೀಕರಿಗೆ ಒಂದು ಪತ್ರ ಬರೆಯಿರಿ. ಮ್ಯಾನೇಜರ್‌ಗೆ ಅಲ್ಲ, ಮಾಲೀಕರಿಗೆ. ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ಇ-ಮೇಲ್‌ನಲ್ಲೂ ಕಳಿಸಿ. ಸಿಟ್ಟಿನ ಮಾತು ಬೇಡ. ದಿನಾಂಕ, ಹೊತ್ತು, ಎಷ್ಟು ಜನ, ಏನು ಹೇಳಿದ್ದಿರಿ, ಏನು ಸಿಕ್ಕಿತು, ಇಷ್ಟೇ. ಕೊಡದ ಹಾಲ್‌ಗೆ ತೆಗೆದುಕೊಂಡ 3,000, ಸರ್ವಿಸ್ ಚಾರ್ಜ್ ಮತ್ತು ಅದರ ತೆರಿಗೆ 1,323, ಒಟ್ಟು 4,323 ರೂಪಾಯಿ ಹದಿನೈದು ದಿನದೊಳಗೆ ವಾಪಸ್ ಕೊಡಿ ಅಂತ ಕೇಳಿ. ಡೆಕೊರೇಷನ್ ಆಗಿತ್ತು, ದುಡ್ಡು ವಾಪಸ್ ಇಲ್ಲ ಅಂದರಂತಲ್ಲ. ಆ ಡೆಕೊರೇಷನ್ ಕೆಳಗೆ ಮಗು ತೊಟ್ಟಿಲಲ್ಲಿತ್ತು, ನಿಮ್ಮ ಅಪ್ಪ ಅಮ್ಮ ಇರಲಿಲ್ಲ. ಯುಪಿಐನಲ್ಲಿ ದುಡ್ಡು ಕಳಿಸುವಾಗ ದಿನಾಂಕ ಮತ್ತು ಹಾಲ್ ಅಂತ ಬರೆದಿದ್ದೀರಿ, ಅವರು ವಾಟ್ಸಾಪ್‌ನಲ್ಲಿ 'ಕನ್ಫರ್ಮ್' ಅಂತ ಉತ್ತರಿಸಿದ್ದಾರೆ. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಎಷ್ಟೋ ಮಾಲೀಕರು ಈ ಹಂತದಲ್ಲೇ ದಾರಿಗೆ ಬರುತ್ತಾರೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಹೋಟೆಲ್ ಬೆಂಗಳೂರಿನಲ್ಲಿದೆ, ನಾನು ಮೈಸೂರಿನಿಂದ ಓಡಾಡಬೇಕಾ ಅಂತ ಕೇಳಿದ್ದೀರಿ. ಬೇಡ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ದೂರು ಕೊಡುವವರು ತಾವಿರುವ ಊರಿನಲ್ಲೇ ಕೊಡಬಹುದು. ಮೈಸೂರಿನ ಆಯೋಗವೇ ಸಾಕು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಿಲ್ಲ. ಎರಡು ವರ್ಷದೊಳಗೆ ದೂರು ಕೊಟ್ಟರಾಯಿತು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ಇಷ್ಟು ಚಿಕ್ಕ ವಿಷಯಕ್ಕೆ ಆಯೋಗಕ್ಕೆ ಹೋಗುವುದಾ ಅಂತ ನಿಮ್ಮ ಯಜಮಾನರು ಹೇಳಿದರಂತೆ. ಅವರಿಗೆ ತಮಿಳುನಾಡಿನ ವಿಲ್ಲುಪುರಂನ ಒಂದು ಪ್ರಕರಣ ಹೇಳಿ. 2022ರ ನವೆಂಬರ್‌ನಲ್ಲಿ ಒಬ್ಬರು ತಮ್ಮ ನೆಂಟರ ವರ್ಷಾಬ್ದಿಕಕ್ಕೆ ಹೋಟೆಲ್‌ನಿಂದ 80 ರೂಪಾಯಿಯ 25 ಊಟ ಪಾರ್ಸೆಲ್ ತರಿಸಿದರು. ಯಾವುದರಲ್ಲೂ ಉಪ್ಪಿನಕಾಯಿ ಇರಲಿಲ್ಲ. ಊಟಕ್ಕೆ ಒಂದು ರೂಪಾಯಿಯಂತೆ 25 ರೂಪಾಯಿ ವಾಪಸ್ ಕೊಡಿ ಅಂದರೆ ಹೋಟೆಲ್‌ನವರು ಕೊಡಲಿಲ್ಲ. 2024ರಲ್ಲಿ ಅಲ್ಲಿನ ಗ್ರಾಹಕ ಆಯೋಗ ಪರಿಹಾರಕ್ಕೆ 30,000, ಖರ್ಚಿಗೆ 5,000, ಜೊತೆಗೆ ಉಪ್ಪಿನಕಾಯಿಯ ಆ 25 ರೂಪಾಯಿ, ಎಲ್ಲ ಕೊಡಬೇಕು ಅಂತ ಆದೇಶಿಸಿತು. ನಮ್ಮ ಧಾರವಾಡದಲ್ಲೂ ಅದೇ ವರ್ಷ, ಆನ್‌ಲೈನ್‌ನಲ್ಲಿ ತರಿಸಿದ 133 ರೂಪಾಯಿಯ ಮೊಮೊ ಮನೆಗೆ ಬರಲೇ ಇಲ್ಲ ಅನ್ನುವ ದೂರಿಗೆ ಜಿಲ್ಲಾ ಆಯೋಗ 60,000 ರೂಪಾಯಿ ಕೊಡಿಸಲು ಆದೇಶ ಮಾಡಿತು. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಸಮಯವೂ ಹಿಡಿಯುತ್ತದೆ. ಉಪ್ಪಿನಕಾಯಿ ಪ್ರಕರಣಕ್ಕೆ ಒಂದೂವರೆ ವರ್ಷ ದಾಟಿತ್ತು.

ಮುಂದಿನ ಸಲಕ್ಕೆ ಒಂದೇ ಮಾತು. ಮನೆಯಲ್ಲಿ ಮದುವೆಯಾದರೆ ಉಗ್ರಾಣಕ್ಕೆ ಅಂತ ಒಬ್ಬ ಸೋದರಮಾವನೋ ಚಿಕ್ಕಪ್ಪನೋ ಇರುತ್ತಾರೆ. ತೆಂಗಿನಕಾಯಿ ಎಷ್ಟು ಬಂತು, ಹಾಲು ಎಷ್ಟು ಹೋಯಿತು, ಎಲ್ಲ ಅವರ ಕಣ್ಣಲ್ಲಿ. ಹೋಟೆಲ್‌ಗೆ ಹೋದಾಗಲೂ ಅಂಥ ಒಬ್ಬರನ್ನು ಮೊದಲೇ ಗೊತ್ತು ಮಾಡಿ. ಅವರು ಅರ್ಧ ಗಂಟೆ ಮುಂಚೆ ಹೋಗಿ ಹಾಲ್ ನೋಡಲಿ, ಮ್ಯಾನೇಜರ್ ಜೊತೆ ಅವರೇ ಮಾತಾಡಲಿ, ಬಿಲ್ ಅವರ ಕೈಗೇ ಬರಲಿ. ಕರೆದವರು ನೆಂಟರ ಜೊತೆ ಆರಾಮಾಗಿ ಕೂತಿರಲಿ. ಸರ್ವಿಸ್ ಚಾರ್ಜ್ ತೆಗೆಯಿರಿ ಅಂತ ಹೇಳಲು ಬೀಗರ ಮುಂದೆ ನಿಮಗೆ ಸಂಕೋಚ. ನಿಮ್ಮ ತಮ್ಮನಿಗೆ ಅದೇನೂ ಇರುವುದಿಲ್ಲ.

ಹೋಟೆಲ್ ಹೆಸರು ನಾವು ಹಾಕುವುದಿಲ್ಲ. ಹೆದರಿ ಅಲ್ಲ. ಅವರ ಮಾತು ನಾವಿನ್ನೂ ಕೇಳಿಲ್ಲ. ಒಂದು ಕಡೆಯ ಮಾತಷ್ಟೇ ಕೇಳಿಕೊಂಡು ಹೆಸರು ಅಚ್ಚು ಹಾಕುವುದು ಈ ಪತ್ರಿಕೆಯ ಪದ್ಧತಿಯಲ್ಲ. ನೀವು ಬೇಕಾದರೆ ಆನ್‌ಲೈನ್‌ನಲ್ಲಿ ವಿಮರ್ಶೆ ಬರೆಯಿರಿ, ನಡೆದದ್ದನ್ನಷ್ಟೇ ಬರೆಯಿರಿ, ಆ ಹುಡುಗನ ಫೋಟೊ ಮಾತ್ರ ಹಾಕಬೇಡಿ. ಮಾಲೀಕರು ನಿಮ್ಮ ಪತ್ರಕ್ಕೆ ಉತ್ತರ ಕೊಟ್ಟರೆ ನಮಗೂ ತಿಳಿಸಿ. ದುಡ್ಡು ವಾಪಸ್ ಬಂದರೆ ಅದನ್ನೂ ಇದೇ ಪುಟದಲ್ಲಿ ಹಾಕುತ್ತೇವೆ.

ಇನ್ನೊಂದು ವಿಷಯ. ನೀವು ಮೂಲ ಬಿಲ್ ಅನ್ನೇ ನಮಗೆ ಕಳಿಸಿಬಿಟ್ಟಿದ್ದೀರಿ. ಅದನ್ನು ಸ್ಪೀಡ್ ಪೋಸ್ಟ್‌ನಲ್ಲಿ ವಾಪಸ್ ಕಳಿಸುತ್ತಿದ್ದೇವೆ. ಮಷಿನ್‌ನಿಂದ ಬರುವ ಆ ನುಣುಪು ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಕೈಗೆ ಸಿಕ್ಕ ದಿನವೇ ಎರಡು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ.

ಸಂಪಾದಕ