ಐದು ವರ್ಷದ ಮಗನಿಗೆ ನಾಲ್ಕೈದು ವರ್ಷ ಬಾಳುವಂಥ ಬಿಲ್ಲು ಮಾಡಿಕೊಡಬೇಕು. ಪಿವಿಸಿ ಪೈಪ್ ಒಳ್ಳೆಯದಾ, ಬಿದಿರಾ?

ನಾಲ್ಕೈದು ವರ್ಷ ಬಾಳುವ ಬಿಲ್ಲು ಮಾಡಲೇಬೇಡಿ. ನಾನು ಮಾಡಿದ್ದು ಅದನ್ನೇ. ಅದರ ಬೆಲೆ ತೆತ್ತವಳು ನನ್ನ ಮಗಳು.

ನಮ್ಮ ಮನೆ ಬ್ರಹ್ಮಾವರದ ಹತ್ತಿರ. ನಾಲ್ಕು ವರ್ಷದ ಹಿಂದೆ ಪಕ್ಕದ ಗದ್ದೆಯಲ್ಲಿ ಯಕ್ಷಗಾನದ ಆಟ ಇತ್ತು. ಆರು ವರ್ಷದ ಮಗಳು ಕಣ್ಣು ಮುಚ್ಚದೆ ಅರ್ಜುನನ ವೇಷವನ್ನೇ ನೋಡುತ್ತಾ ಕೂತಿದ್ದಳು. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಶುರು: "ಅಮ್ಮಾ, ನಂಗೆ ಬಿಲ್ಲು ಬೇಕು. ನಿಜವಾಗಿ ಬಾಣ ಹೋಗುವಂಥದ್ದು."

ಹಿತ್ತಲಿನಲ್ಲಿ ಬಿದಿರಿನ ಹಿಂಡಿಲು ಇದೆ. ನನಗೆ ಕತ್ತಿ ಹಿಡಿದು ಗೊತ್ತು. ಬಲಿತ ಒಂದು ಬಿದಿರು ಸೀಳಿ, 120 ಸೆಂ.ಮೀ. ಉದ್ದ, ಹಿಡಿಯ ಹತ್ತಿರ ಎರಡೂವರೆ ಸೆಂ.ಮೀ. ಅಗಲ, ತುದಿಗೆ ಹೋಗುತ್ತಾ ಅರ್ಧದಷ್ಟು ಕಿರಿದು ಮಾಡಿ ಹೆರೆದೆ. ದಪ್ಪ ಮಾತ್ರ 10 ಮಿ.ಮೀ. ಉಳಿಸಿಕೊಂಡೆ. ಯೂನಿಫಾರಂ ಹೊಲಿಸುವಾಗ ನಾಲ್ಕು ಬೆರಳು ಮಡಿಕೆ ಬಿಡುತ್ತೇವಲ್ಲ, ಮಗು ಬೆಳೆದ ಹಾಗೆ ಬಿಚ್ಚಿಕೊಂಡರಾಯಿತು ಅಂತ? ಬಿಲ್ಲಿಗೂ ಅದೇ ಲೆಕ್ಕ ಹಾಕಿದೆ. ಮಾವ ಬಂದು ನೋಡಿ, ಹೆಬ್ಬೆರಳಿನಲ್ಲಿ ಒತ್ತಿ, "ಇದು ಮಗುವಿಗಾ?" ಅಂದರು. "ಬೆಳೀತಾಳಲ್ಲ ಮಾವ" ಅಂದೆ. ನಾನೇ ಎಳೆದು ನೋಡಿದೆ. ಟಣ್ ಅಂತ ಸದ್ದು ಬಂತು, ಖುಷಿಯಾಯಿತು.

ಅವಳು ಎಳೆದದ್ದು ಹೇಗೆ ಅಂತ ಈಗಲೂ ಕಣ್ಣಿಗೆ ಕಟ್ಟಿದೆ. ಹೊಟ್ಟೆ ಮುಂದೆ, ಬೆನ್ನು ಹಿಂದೆ ಬಾಗಿ, ಎರಡೂ ಭುಜ ಕಿವಿಗೆ ತಾಗುವಷ್ಟು ಮೇಲೆ. ಹೆದೆ ಗಲ್ಲದವರೆಗೆ ಬರುವ ಮೊದಲೇ ಬೆರಳಿನಿಂದ ಜಾರಿ ಹೋಗುತ್ತಿತ್ತು. ಎಡಗೈ ನಡುಗುತ್ತಿತ್ತು. "ಅಭ್ಯಾಸ ಆಗುತ್ತದೆ, ಎಳಿ" ಅಂತ ನಾನೇ ಹುರಿದುಂಬಿಸಿದೆ. ಮೂರನೇ ದಿನ ಸ್ನಾನ ಮಾಡಿಸುವಾಗ ಕಂಡಿತು: ಎಡಗೈಯ ಒಳಭಾಗದಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಹೆದೆ ಬಡಿದ ಗೆರೆ, ಕೆಂಪು ನೀಲಿಯಾಗಿ. "ನೋವಾಗ್ಲಿಲ್ಲ" ಅಂದಳು. ಬಿಲ್ಲು ಕಿತ್ತುಕೊಂಡುಬಿಡುತ್ತೇನೆ ಅಂತ ಹೆದರಿ ಹೇಳಿದ ಸುಳ್ಳು ಅದು.

ಆ ರಾತ್ರಿ ಬಿಲ್ಲನ್ನು ತೂಗಿದೆ. ಗಲ್ಫಿನಲ್ಲಿ ಯಾರಾದರೂ ಇರುವ ನಮ್ಮ ಕಡೆಯ ಮನೆಗಳಲ್ಲಿ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಇದ್ದೇ ಇರುತ್ತದೆ. ಅದರ ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ, ಹಿಡಿಯಿಂದ 40 ಸೆಂ.ಮೀ. ದೂರಕ್ಕೆ, ಅಂದರೆ ಅವಳ ಕೈಗೆ ಎಟಕುವಷ್ಟು ಎಳೆದೆ. 9.2 ಕೆ.ಜಿ. ಮಗಳ ತೂಕವೇ 18 ಕೆ.ಜಿ. ತನ್ನ ಮೈಯ ಅರ್ಧ ಭಾರವನ್ನು ಆ ಮಗು ಮೂರು ಬೆರಳಿನಲ್ಲಿ ಎಳೆಯಲು ಹೆಣಗುತ್ತಿತ್ತು.

ಎಲ್ಲಿ ತಪ್ಪಿದೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇಲ್ಲೇ ಎಡವುತ್ತೀರಿ. ದಪ್ಪ ಸ್ವಲ್ಪ ಹೆಚ್ಚಿದ್ದರೆ ಬಲವೂ ಸ್ವಲ್ಪ ಹೆಚ್ಚು ಅಂತ ಕೈ ಹೇಳುತ್ತದೆ. ಆದರೆ ಬಾಗುವ ಪಟ್ಟಿಯ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಅಗಲ ಅರ್ಧ ಮಾಡಿದರೆ ಬಿಗಿ ಅರ್ಧಕ್ಕೆ ಇಳಿಯುತ್ತದೆ, ದಪ್ಪ ಅರ್ಧ ಮಾಡಿದರೆ ಎಂಟರಲ್ಲಿ ಒಂದು ಪಾಲಿಗೆ. ನಾನು ಎರಡನೇ ಬಿಲ್ಲನ್ನು ಅದೇ ಉದ್ದ, ಅದೇ ಅಗಲಕ್ಕೆ ಮಾಡಿ 7 ಮಿ.ಮೀ. ದಪ್ಪಕ್ಕೆ ಹೆರೆದೆ. ತಕ್ಕಡಿ 3.2 ಕೆ.ಜಿ. ತೋರಿಸಿತು. ನಡುವಿನ ವ್ಯತ್ಯಾಸ 3 ಮಿ.ಮೀ., ಎರಡು ನಾಣ್ಯ ಜೋಡಿಸಿ ಇಟ್ಟಷ್ಟು. ನಾನು "ಮುಂದಕ್ಕೆ ಇರಲಿ" ಅಂತ ಬಿಟ್ಟದ್ದು ಅಷ್ಟೇ. ಅದಕ್ಕೇ ಹೇಳುವುದು, ಕಣ್ಣಂದಾಜಿನಲ್ಲಿ ಮಕ್ಕಳ ಬಿಲ್ಲು ಮಾಡಬೇಡಿ. ಎರಡೆರಡು ಸಲ ಹೆರೆಯಿರಿ, ತೂಗಿ, ಮತ್ತೆ ಹೆರೆಯಿರಿ.

ಕೈಮೇಲಿನ ಗೆರೆ ವಾರದಲ್ಲಿ ಮಾಯವಾಯಿತು. ಹೋಗದೆ ಉಳಿದದ್ದು ಬೇರೆ. ಹಗುರ ಬಿಲ್ಲು ಕೈಗೆ ಕೊಟ್ಟ ಮೇಲೂ ಅವಳು ಬಾಣ ಬಿಡುವ ಕ್ಷಣಕ್ಕೆ ಕಣ್ಣು ಮುಚ್ಚುತ್ತಿದ್ದಳು. ಹೆದೆ ಬಡಿಯುತ್ತದೆ ಅಂತ ಮೈ ಕಲಿತುಬಿಟ್ಟಿತ್ತು. ಬಾಯಲ್ಲಿ ಹೇಳಿದರೆ ಬಿಡುವ ಅಭ್ಯಾಸ ಅಲ್ಲ ಅದು. ಅಡಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಅವಳ ಮುಂಗೈಗೆ ಸುತ್ತಿ ಒಣಗಿಸಿ, ದಾರ ಕಟ್ಟಿ ಕವಚ ಮಾಡಿದೆ. ಗುರಿಗೆ ಇಟ್ಟ ಗೋಣಿಯಿಂದ ಮೂರೇ ಹೆಜ್ಜೆ ದೂರದಲ್ಲಿ ನಿಲ್ಲಿಸಿದೆ. ಮಳೆಗಾಲ ಕಳೆಯಿತು, ದಸರಾ ರಜೆ ಬಂತು. ಒಂದು ಸಂಜೆ ಓಡಿ ಬಂದು, "ಅಮ್ಮಾ, ಬಾಣ ಹೋಗುವುದು ಕಾಣಿಸ್ತು!" ಅಂದಳು. ಅಲ್ಲಿಯವರೆಗೆ ಅಷ್ಟೂ ತಿಂಗಳು ತಾನು ಬಿಟ್ಟ ಬಾಣವನ್ನು ಅವಳು ನೋಡಿಯೇ ಇರಲಿಲ್ಲ.

ಈಗ ನಿಮ್ಮ ಪೈಪಿನ ವಿಷಯ. ಬೇಡ. ನಮ್ಮ ಬಿಸಿಲಿಗೆ ಪಿವಿಸಿ ಮೆದುವಾಗಿ ಬಾಗಿದ ಹಾಗೇ ನಿಲ್ಲುತ್ತದೆ. ವರ್ಷಗಟ್ಟಲೆ ಬಿಸಿಲು ತಿಂದದ್ದು ಪೆಡಸಾಗಿ, ಒಡೆದರೆ ಚೂರುಚೂರಾಗಿ ಹಾರುತ್ತದೆ. ಅಡಕೆ ಸಲಾಕೆಯೂ ಈ ವಯಸ್ಸಿಗೆ ಬೇಡ, ಅದರ ಸಿಬಿರು ಬಹಳ ಕೆಟ್ಟದ್ದು. ಬಿದಿರೇ ಇರಲಿ. ಅದನ್ನು ಕಡಿಮೆ ಅಂದುಕೊಳ್ಳಬೇಡಿ, ನಮ್ಮ ದೇಶದ ಬಿಲ್ಲುಗಾರಿಕೆ ಸ್ಪರ್ಧೆಗಳಲ್ಲಿ ಬಿದಿರು, ಮರದ ಬಿಲ್ಲಿಗೆಂದೇ ಇಂಡಿಯನ್ ರೌಂಡ್ ಅನ್ನುವ ವಿಭಾಗ ಇದೆ.

ಮೂರು ವರ್ಷ ಬಲಿತ ಬಿದಿರು ಆರಿಸಿ. ಕಣಿಲೆ ಏಳುವ ಮಳೆಗಾಲದಲ್ಲಿ ಕಡಿಯಬೇಡಿ. ಸೀಳಿ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಒಂದು ತಿಂಗಳಾದರೂ ಒಣಗಲಿ, ಹಸಿ ಬಿದಿರಿನ ಬಿಲ್ಲು ಬಾಗಿಯೇ ಉಳಿಯುತ್ತದೆ. ಹೊರಗಿನ ಹಸಿರು ಸಿಪ್ಪೆಯ ಮೈ ಮಗುವಿನ ಕಡೆಗಲ್ಲ, ಗುರಿಯ ಕಡೆಗೆ ಇರಬೇಕು. ಎಳೆತವನ್ನೆಲ್ಲ ತಡೆಯುವ ನಾರು ಒತ್ತಾಗಿರುವುದು ಅಲ್ಲೇ, ಚಂದ ಕಾಣಲಿ ಅಂತ ಆ ಮೈಯನ್ನು ಕೆರೆಯಬೇಡಿ. ಹೆರೆಯುವುದೆಲ್ಲ ಒಳಮೈಯಲ್ಲಿ. ಹೆದೆಗೆ ಪಾಲಿಯೆಸ್ಟರ್ ಹುರಿ ಹಾಕಿ, ನೈಲಾನ್ ಎಳೆದಷ್ಟೂ ಹಿಗ್ಗುತ್ತದೆ. ಐದು ವರ್ಷದವನಿಗೆ 2.5ರಿಂದ 3 ಕೆ.ಜಿ. ಎಳೆತ ಸಾಕು. ಮುಂದಿನ ವರ್ಷ ಇನ್ನೊಂದು ಮಾಡಿ, ಬಿದಿರಿಗೇನು ಬರಗಾಲವೇ? ನನ್ನ ಮಗಳು ಈಗ ನಾಲ್ಕನೇ ಬಿಲ್ಲಿನಲ್ಲಿದ್ದಾಳೆ.

ಬಿದಿರು ಒಣಗುವ ತಿಂಗಳಲ್ಲಿ ಬಾಣ ಮಾಡಿ, ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಅದಕ್ಕೇ. ನಾವೆಲ್ಲ ಚಿಕ್ಕಂದಿನಲ್ಲಿ ತೆಂಗಿನ ಕಡ್ಡಿ ಬಿಟ್ಟು ಆಡಿದವರು, ದಯವಿಟ್ಟು ಅದನ್ನು ಮಗನ ಕೈಗೆ ಕೊಡಬೇಡಿ. ತುದಿ ಮೊಂಡಾಗಿದ್ದರೆ ಸಾಲದು, ಕಣ್ಣಿನ ಗುಳಿಯೊಳಗೆ ಇಳಿಯದಷ್ಟು ಅಗಲ ಇರಬೇಕು. ಸ್ಪಂಜು, ಬಟ್ಟೆ ಸುತ್ತಿ ಐದು ಸೆಂ.ಮೀ. ಮೀರಿದ ಉಂಡೆ ಕಟ್ಟಿ. ಬಾಣ ಅವನು ಎಳೆಯುವುದಕ್ಕಿಂತ ನಾಲ್ಕು ಬೆರಳು ಉದ್ದವಿರಲಿ, ಇಲ್ಲದಿದ್ದರೆ ತುದಿ ಹಿಂದೆ ಸರಿದು ಬಿಲ್ಲು ಹಿಡಿದ ಕೈಗೇ ಬೀಳುತ್ತದೆ. ಹೆದೆ ಸಿಕ್ಕಿಸುವ ಕಚ್ಚಿನ ಕೆಳಗೆ ದಾರ ಬಿಗಿದು ಸುತ್ತಿ, ಸೀಳುವುದಿಲ್ಲ. ಗುರಿಗೆ ತೆಂಗಿನ ಸಿಪ್ಪೆ ತುಂಬಿದ ಗೋಣಿ ಸಾಕು, ಅದರ ಹಿಂದೆ ಗೋಡೆ ಇರಲಿ, ದಾರಿ ಇರಬಾರದು. ಬಾಣವಿಲ್ಲದೆ ಹೆದೆ ಎಳೆದು ಬಿಡುವುದಕ್ಕೆ ಮೊದಲ ದಿನವೇ ತಡೆ ಹಾಕಿ, ಬಿಲ್ಲು ಬಿರಿಯುವುದು ಅದರಿಂದ. ಮೊದಲ ಸಲ ಎಳೆಯುವಾಗ ಅವನ ಭುಜ ನೋಡಿ. ಕಿವಿಯ ಕಡೆಗೆ ಎದ್ದರೆ ಬಿಲ್ಲು ಇಳಿಸಿಕೊಂಡು ಮತ್ತೆ ಹೆರೆಯಲು ಕೂತುಕೊಳ್ಳಿ.