ಸೊಸೆಗೆ ರಾಜ್ಯ ಗೆದ್ದುಕೊಟ್ಟರೂ ಅದು ನಮ್ಮ ಕೈಗೆ ಬರಲಿಲ್ಲ, ಯಾಕೆ?

ರಾಜವಂಶ ಬೆಳೆಸುವ ಕಂಪ್ಯೂಟರ್ ಆಟ ಕ್ರುಸೇಡರ್ ಕಿಂಗ್ಸ್ 3ರಲ್ಲಿ ನೀವು ಸೊಸೆಯ ಹಕ್ಕಿಗಾಗಿ ಯುದ್ಧ ಗೆದ್ದಿರಿ, ಅವಳು ರಾಣಿಯಾದ ಕೂಡಲೇ ಸ್ವತಂತ್ರಳಾದಳು ಅಂದಿರಿ. ಇದು ಬಗ್ ಅಲ್ಲ. ನೀವೂ ರಾಜ, ಅವಳೂ ರಾಣಿ. ಸಮಾನ ದರ್ಜೆಯವರು ಅಧೀನರಾಗುವುದಿಲ್ಲ. ನೀವು ಚಕ್ರವರ್ತಿಯಾಗಿದ್ದರೆ ಮಾತು ಬೇರೆ ಇತ್ತು.

ಹಾಗಂತ ಕೆಲಸ ಕೆಟ್ಟಿಲ್ಲ. ಮದುವೆ ಮ್ಯಾಟ್ರಿಲೀನಿಯಲ್ (ತಾಯಿಯ ವಂಶ ಮುಂದುವರಿಯುವ ಬಗೆ) ಅಲ್ಲ ಅನ್ನೋದನ್ನ ಮೊದಲು ನೋಡಿ. ಆಗಿದ್ದರೆ ಮಕ್ಕಳು ಅವಳ ವಂಶಕ್ಕೆ ಸೇರುತ್ತಾರೆ, ನಿಮಗೆ ಏನೂ ದಕ್ಕುವುದಿಲ್ಲ. ಸಾಮಾನ್ಯ ಮದುವೆಯಾಗಿದ್ದರೆ ಮೊಮ್ಮಗನಿಗೆ ತಾಯಿಯಿಂದ ಒಂದು ಕಿರೀಟ, ತಂದೆಯಿಂದ ಇನ್ನೊಂದು. ಅರಗಾನ್ ಮತ್ತು ಬಾರ್ಸಿಲೋನಾ ಒಂದಾದದ್ದೂ ಹೀಗೇ: 1137ರಲ್ಲಿ ಅರಗಾನ್‌ನ ಉತ್ತರಾಧಿಕಾರಿ ಪೆಟ್ರೊನಿಲಾಳಿಗೂ ಬಾರ್ಸಿಲೋನಾದ ಕೌಂಟ್‌ಗೂ (ಅಲ್ಲಿನ ಒಡೆಯ) ನಿಶ್ಚಿತಾರ್ಥ, ಎರಡೂ ಸೇರಿದ್ದು ಮಗ ಅಲ್ಫೊನ್ಸೊನ ಕೈಯಲ್ಲಿ.

ನಿಜವಾದ ಅಪಾಯ ಪಾಲು ಪದ್ಧತಿ. ಆಸ್ತಿಯನ್ನು ಮಕ್ಕಳಲ್ಲಿ ಹಂಚುವ ಪಾರ್ಟಿಷನ್ ಕಾನೂನಿದ್ದು ಇಬ್ಬರು ಮೊಮ್ಮಕ್ಕಳಾದರೆ ಎರಡನೇ ರಾಜ್ಯ ಕಿರಿಯವನ ಪಾಲಾಗಬಹುದು. ನಿಮ್ಮ ಕಿರೀಟದ ವಾರಸು ಪಟ್ಟಿಯನ್ನಷ್ಟೇ ಅಲ್ಲ, ಸೊಸೆಯದನ್ನೂ ತೆರೆದು ನೋಡುತ್ತಿರಿ. ನಿಮ್ಮ ಮಗ ಬೇಗ ಸತ್ತರೂ ಚಿಂತೆಯಿಲ್ಲ, ಮೊಮ್ಮಗ ಹುಟ್ಟಿರಬೇಕು ಅಷ್ಟೇ. ಮೊಮ್ಮಗ ಇಲ್ಲದೆ ಅವಳು ಮರುಮದುವೆಯಾದರೆ ಆಟ ಮುಗಿಯಿತು.

ಮುಂದಿನ ಸಲ ಡಚಿ (ರಾಜ್ಯಕ್ಕಿಂತ ಒಂದು ದರ್ಜೆ ಕೆಳಗಿನ ಪ್ರಾಂತ್ಯ) ಮಟ್ಟದ ಹಕ್ಕಿರುವವರನ್ನು ಹುಡುಕಿ. ನಿಮ್ಮ ವಂಶದವರಿಗೋ ಈಗಾಗಲೇ ಅಧೀನರಾಗಿರುವವರಿಗೋ ಗೆದ್ದುಕೊಟ್ಟರೆ ನೆಲ ನೇರವಾಗಿ ನಿಮ್ಮ ರಾಜ್ಯಕ್ಕೆ ಸೇರುತ್ತದೆ. ಅನ್‌ಪ್ರೆಸ್ಡ್ ಹಕ್ಕು (ಇನ್ನೂ ಯುದ್ಧ ಹೂಡಿ ಕೇಳದ ದುರ್ಬಲ ಹಕ್ಕು) ಮಾತ್ರ ಮಕ್ಕಳಿಗೆ ಹೋಗುವುದಿಲ್ಲ, ಅಂಥವರು ಬದುಕಿರುವಾಗಲೇ ಯುದ್ಧ ಹೂಡಿ.